ಎಡಗನ್ನಡಿ ತಿರುಗಿಸುವ ಕೆಲಸ

ಪರದೆ ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ‘ಟೇಪು’ ಅಂತ. ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಅದನ್ನು ಬಳಸುವವರು ಅಮ್ಮ ಮತ್ತು ಬ್ಯಾಂಕಿನವರು ಮಾತ್ರ. ಜನರ ಮನೆಗೆ ಹೋಗಿ ಕಿಟಕಿಗಳ ಉದ್ದಗಲ ಅಳೆಯುವುದು, ಬಟ್ಟೆಯ ನಮೂನೆಗಳನ್ನು ಸೋಫಾದ ಮೇಲೆ ಹರಡುವುದು, ‘ಈ ಬಣ್ಣ ನಿಮ್ಮ ಗೋಡೆಗೆ ಹೇಳಿ ಮಾಡಿಸಿದ ಹಾಗಿದೆ ಮೇಡಂ’ ಎಂದು ಯಾವ ಬಣ್ಣದ ಗೋಡೆಯ ಮುಂದೆಯೂ ಕಣ್ಣು ಮಿಟುಕಿಸದೆ ಹೇಳುವುದು, ಇಷ್ಟು ಅವನ ಉದ್ಯೋಗ. ಅಂಗಡಿಯವರು ಇದನ್ನು ‘ಹೊರಗಿನ ಕೆಲಸ’ ಅನ್ನುತ್ತಿದ್ದರು. ಒಳಗಿನ ಕೆಲಸ ಅಂದರೆ ಗಿರಾಕಿಗಳು ಬಿಚ್ಚಿಸಿ ಬಿಚ್ಚಿಸಿ ನೋಡಿ, ‘ಮತ್ತೆ ಬರ್ತೀವಿ’ ಎಂದು ಹೋದಮೇಲೆ ಬಟ್ಟೆ ಮಡಚುವುದು. ಎರಡು ವರ್ಷ ಅವನು ಮಡಚಿದ್ದ. ಕೊನೆಕೊನೆಗೆ ಮನೆಯಲ್ಲಿ ತನ್ನ ಹೊದಿಕೆ ಮಡಚಬೇಕೆಂದರೂ ಅವನಿಗೆ ಸಿಟ್ಟು ಬರುತ್ತಿತ್ತು.

ಹೊರಗಿನ ಕೆಲಸಕ್ಕೆ ಅವನನ್ನು ಹಾಕಿದ್ದು ಅವನ ಜಾಣತನ ನೋಡಿ ಅಲ್ಲ. ಪರದೆಯ ಸರಳುಗಳನ್ನು ಹೊತ್ತೊಯ್ಯಲು ಒಂದು ಕಾರು ಬೇಕಿತ್ತು, ಅವನ ಹತ್ತಿರ ಒಂದು ಕಾರಿತ್ತು. ಕಾರು ಸೋದರಮಾವ ಕೊಟ್ಟಿದ್ದು. ಮಾವ ಹೊಸದು ಕೊಂಡಮೇಲೆ ಹಳೆಯದನ್ನು ಗುಜರಿಗೆ ಹಾಕಲು ಹೋದರು. ಗುಜರಿಯವನು ಹಾಕಿಸಿಕೊಳ್ಳಲು ಮನಸ್ಸು ಮಾಡಲಿಲ್ಲ. ಆಗ ಮಾವನಿಗೆ ಸೋದರಳಿಯನ ಮೇಲಿದ್ದ ಪ್ರೀತಿ ಉಕ್ಕಿ ಬಂತು.

ಕಾರಿನ ಮೈಬಣ್ಣ ಒಂದು ಕಾಲದಲ್ಲಿ ನೀಲಿ. ಒಳಗೆ ಹಿಂಬದಿಯ ಸೀಟು ಮಡಚಿದರೆ ಡಿಕ್ಕಿಯಿಂದ ಗೇರಿನವರೆಗೂ ಸರಳು ಮಲಗಿಸಬಹುದಿತ್ತು. ಅದರ ಮೇಲೆ ನಮೂನೆಯ ಬಟ್ಟೆಗಳ ದಪ್ಪ ದಪ್ಪ ಕಟ್ಟುಗಳು, ಸೂರು ಮುಟ್ಟುವಷ್ಟು. ಹಾಗಾಗಿ ಒಳಗಿನ ಕನ್ನಡಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ಕಂದುಬಣ್ಣದ ಮಖಮಲ್ಲು. ಹಿಂದೆ ಲಾರಿ ಬರಲಿ, ಆಂಬುಲೆನ್ಸ್ ಬರಲಿ, ಮಖಮಲ್ಲೇ. ಇನ್ನು ಉಳಿದದ್ದು ಹೊರಗಿನ ಎರಡು ಕನ್ನಡಿ. ಬಲಗಡೆಯದು ಕೈಗೆ ಸಿಗುತ್ತಿತ್ತು, ಅದರದೇನೂ ತಕರಾರಿಲ್ಲ. ಎಡಗಡೆಯದು ಮಾತ್ರ ದೂರದ ನೆಂಟ. ಅದನ್ನು ಒಳಗಿನಿಂದ ತಿರುಗಿಸುವ ಗುಂಡಿ ಹಿಡಿ ಯಾವುದೂ ಇಲ್ಲ, ಹೊರಗೆ ನಿಂತು ಬೆರಳಿನಿಂದ ಒತ್ತಬೇಕು. ಕೀಲು ಸಡಿಲವಾಗಿತ್ತು ಬೇರೆ. ಅವರ ಬೀದಿಯೋ, ಎದುರುಬದುರು ಮನೆಯವರು ಒಟ್ಟಿಗೆ ಬಾಗಿಲು ತೆಗೆದರೆ ಹಣೆ ಹಣೆ ತಾಗುವಷ್ಟು ಅಗಲದ್ದು. ಹೋಗುವವರ ಚೀಲ, ಬರುವವರ ಭುಜ, ಸೈಕಲ್ಲಿನ ಹ್ಯಾಂಡಲ್, ಎಲ್ಲವೂ ಕನ್ನಡಿಯನ್ನು ಮಾತಾಡಿಸಿಕೊಂಡೇ ಹೋಗುತ್ತಿದ್ದವು. ಬೆಳಗಾಗುವಷ್ಟರಲ್ಲಿ ಅದು ಒಂದು ದಿನ ಮೋರಿ ನೋಡುತ್ತಿತ್ತು, ಇನ್ನೊಂದು ದಿನ ಪಕ್ಕದ ಮನೆಯ ನೀರಿನ ಟ್ಯಾಂಕು.

ಆದ್ದರಿಂದ ಎಡಗನ್ನಡಿ ತಿರುಗಿಸುವುದು ದಿನಾ ಬೆಳಗಿನ ಕೆಲಸವಾಯಿತು. ಇಬ್ಬರು ಬೇಕಾದ ಕೆಲಸ ಅದು: ಒಬ್ಬರು ಹೊರಗೆ ನಿಂತು ಒತ್ತಬೇಕು, ಇನ್ನೊಬ್ಬರು ಡ್ರೈವರ್ ಸೀಟಿನಲ್ಲಿ ಕೂತು ‘ಸಾಕು’ ಅನ್ನಬೇಕು. ಮನೆಯಲ್ಲಿ ಇದ್ದದ್ದೂ ಸರಿಯಾಗಿ ಇಬ್ಬರೇ, ಅವನು ಮತ್ತು ಅಮ್ಮ. ಯಾರು ಎಲ್ಲಿ ಎಂಬುದನ್ನು ಮೊದಲ ದಿನವೇ ಅವನು ತೀರ್ಮಾನ ಮಾಡಿಬಿಟ್ಟ.

“ಒತ್ತೋದು ಸೂಕ್ಷ್ಮದ ಕೆಲಸ ಅಮ್ಮಾ. ಕೂದಲೆಳೆ ಆಚೀಚೆ ಆಗಬಾರದು. ದಿನಾ ಅಳತೆ ಮಾಡೋ ಕೈ ಇದು. ನೀನು ಸುಮ್ನೆ ಒಳಗೆ ಕೂತು ಹೇಳು.”

ಅಮ್ಮನಿಗೆ ಕೂತು ಹೇಳುವುದು ಹೊಸದಲ್ಲ. ನೀರು ಸರಬರಾಜು ಕಚೇರಿಯ ದೂರವಾಣಿ ದೂರು ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಆಕೆ ಮಾಡುತ್ತಿದ್ದದ್ದು ಅದನ್ನೇ. ಆಚೆಯವರು ಎಷ್ಟೇ ಕೂಗಾಡಲಿ, ಈಚೆ ದನಿ ಒಂದೇ ಶ್ರುತಿಯಲ್ಲಿ: ‘ಎಷ್ಟು ದಿನದಿಂದ ಈ ಸಮಸ್ಯೆ?’ ಹಾಗೆಯೇ ಕಚೇರಿಯ ಕುರ್ಚಿಯಲ್ಲಿ ಕೂರುವಂತೆ ಡ್ರೈವರ್ ಸೀಟಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಕಾಫಿ ಲೋಟ ಹಿಡಿದು ಕೂರುತ್ತಿದ್ದಳು. ಕೂತರೆ ತಲೆ ಸ್ಟಿಯರಿಂಗ್ ಚಕ್ರಕ್ಕಿಂತ ಸ್ವಲ್ಪವೇ ಮೇಲೆ.

“ಕಾಣುತ್ತಾ?”

“ಇನ್ನೂ ಸ್ವಲ್ಪ. ಆ ಕಡೆ. ಹಾಂ, ರಸ್ತೆ ಪೂರ್ತಿ ಕಾಣುತ್ತೆ. ಮೂಲೆ ಮನೆಯವಳು ಕಸ ತಂದು ನಮ್ಮ ಗೋಡೆ ಹತ್ರ ಸುರೀತಿರೋದೂ ಕಾಣುತ್ತೆ.”

“ಅದು ಬಿಡು. ಸಾಕಾ?”

“ತಡಿ, ಅವಳು ಸುರಿದು ಮುಗಿಸಲಿ.”

ಇದಾದಮೇಲೆ ಅಮ್ಮ ಇಳಿಯುವಳು, ಅವನು ಹತ್ತುವನು. ಸೀಟಿಗೆ ಒರಗಿ ಕಾಲು ಚಾಚಿ ಎಡಗನ್ನಡಿ ನೋಡಿದರೆ ಅದರಲ್ಲಿ ತನ್ನ ಕಾರಿನ ಹಿಂದಿನ ಬಾಗಿಲು, ಹಿಂದಿನ ಚಕ್ರ, ಚಕ್ರದ ಕೆಳಗೆ ಒಂದು ಹಿಡಿ ರಸ್ತೆ. ಕಾರು ಪೂರ್ತಿ ಹಿಂದೆಯೇ ಬರುತ್ತಿದೆ ಎಂದು ಖಾತ್ರಿಯಾಗಿ ಅವನಿಗೆ ಸಮಾಧಾನವಾಗುತ್ತಿತ್ತು. ಕನ್ನಡಿ ಇರುವುದೇ ಇದಕ್ಕೆ ಅಂದುಕೊಂಡಿದ್ದ.

ಹೀಗಿರಲು ಒಂದು ಮಧ್ಯಾಹ್ನ ದೊಡ್ಡ ರಸ್ತೆಯಲ್ಲಿ ಎಡಕ್ಕೆ ಸ್ವಲ್ಪ ಸರಿದ. ಸರಿಯುವ ಮುಂಚೆ ಕನ್ನಡಿ ನೋಡಿದ್ದ, ಚಕ್ರ ಚಕ್ರದ ಜಾಗದಲ್ಲೇ ಇತ್ತು. ಮರುಕ್ಷಣ ಎಡಬಾಗಿಲಿನ ಮೇಲೆ ಯಾರೋ ಅಂಗೈಯಿಂದ ಧಡ್ ಧಡ್ ಎಂದು ಬಡಿದರು. ನೋಡುತ್ತಾನೆ, ಕಿಟಕಿಗೆ ಅಂಟಿಕೊಂಡ ಹಾಗೆ ಒಂದು ಸ್ಕೂಟರು, ಅದರ ಮೇಲೊಬ್ಬ ಹೆಂಗಸು, ಅವಳ ಒಂದು ಕಾಲು ಆಗಲೇ ಫುಟ್‌ಪಾತಿನ ಮೇಲೆ. ಅವನು ಬ್ರೇಕು ತುಳಿದ. ಕಾರು ತಾನಾಗಿಯೇ ಆಫ್ ಆಯಿತು, ಅದಕ್ಕೂ ಹೆದರಿಕೆಯಾಗಿರಬೇಕು.

“ಕಣ್ಣು ಮನೇಲಿಟ್ಟು ಬಂದಿದ್ದೀಯೇನೋ?” ಅಂದಳು ಆ ಹೆಂಗಸು.

“ಸಾರಿ ಅಕ್ಕ.”

“ಅಕ್ಕ ಅಂತೆ. ಈಗಿನ್ನೇನು ಅಕ್ಕನ ತಿಥಿ ಮಾಡ್ತಿದ್ದೆ!” ಎಂದು ಸ್ಕೂಟರು ಎತ್ತಿಕೊಂಡು ಹೊರಟೇಹೋದಳು.

ಈ ವಿಷಯ ಅವನು ಮನೆಯಲ್ಲಿ ಹೇಳಲಿಲ್ಲ, ಅಂಗಡಿಯಲ್ಲೂ ಹೇಳಲಿಲ್ಲ. ಆದರೆ ಅಂದಿನಿಂದ ಎಡಗಡೆ ಅಂದರೆ ಅವನಿಗೆ ಎದೆಯೊಳಗೆ ಅವಲಕ್ಕಿ ಕುಟ್ಟಿದ ಹಾಗೆ. ಕಾಣದ ಆ ಮೂಲೆಯಲ್ಲಿ ಯಾವಾಗಲೂ ಯಾರೋ ಒಬ್ಬರು ಬರುತ್ತಿದ್ದಾರೆ, ಅವರಿಗೆ ಮನೆಯಿದೆ, ಮಕ್ಕಳಿದ್ದಾರೆ, ಅವನು ಸ್ಟಿಯರಿಂಗ್ ತಿರುಗಿಸುವುದನ್ನೇ ಕಾಯುತ್ತಿದ್ದಾರೆ.

ಒಂದು ಉಪಾಯ ಮಾಡಿದ. ಸಿಗ್ನಲ್ಲಿನ ಹತ್ತಿರ ಮಾರುವವನಿಂದ ಗುಂಡಗಿನ ಪುಟ್ಟ ಕನ್ನಡಿಯೊಂದನ್ನು ತಂದು ಎಡಗನ್ನಡಿಯ ಮೂಲೆಗೆ ಅಂಟಿಸಿದ. “ಇಡೀ ಪ್ರಪಂಚ ಕಾಣುತ್ತೆ ಬಾಸ್” ಅಂದಿದ್ದ ಮಾರಿದವನು. ಸುಳ್ಳಲ್ಲ. ಇಡೀ ಪ್ರಪಂಚ ಕಾಣುತ್ತಿತ್ತು, ಆದರೆ ಸಾಸಿವೆ ಗಾತ್ರದಲ್ಲಿ. ಬಸ್ಸು ಬಂದರೆ ಹುರುಳಿಕಾಳು. ಒಂದು ದಿನ ಅದರಲ್ಲೊಂದು ಬಿಳಿ ಚುಕ್ಕೆ ಕಂಡಿತು. ಯಾರೋ ಬರುತ್ತಿದ್ದಾರೆ, ಹೋಗಲಿ ಎಂದು ಜಾಗ ಬಿಟ್ಟ. ಚುಕ್ಕೆ ಮುಂದೆ ಹೋಗಲಿಲ್ಲ. ನಿಧಾನ ಮಾಡಿದ, ಅದೂ ನಿಧಾನ. ಅರ್ಧ ಊರು ದಾಟುವವರೆಗೂ ಆ ಚುಕ್ಕೆಗೆ ದಾರಿ ಬಿಟ್ಟುಕೊಂಡೇ ಹೋಗಿ ಕಡೆಗೆ ಇಳಿದು ನೋಡಿದರೆ ಕಾಗೆ ಹಿಕ್ಕೆ. ಒರೆಸಲು ಹೋದಾಗ ಆ ಪುಟ್ಟ ಕನ್ನಡಿಯೇ ಕಿತ್ತು ಕೈಗೆ ಬಂತು.

ಎರಡನೆಯ ಉಪಾಯ ಇನ್ನೂ ಸರಳ: ರಸ್ತೆಯ ತೀರಾ ಎಡದ ಸಾಲಿನಲ್ಲೇ ಹೋಗುವುದು. ತನ್ನ ಎಡಗಡೆ ಬರೀ ಫುಟ್‌ಪಾತು ಇದ್ದರೆ ಯಾರನ್ನು ಗುದ್ದಲು ಸಾಧ್ಯ? ಈ ಯೋಚನೆ ಹೊಳೆದ ದಿನ ಅವನಿಗೆ ತನ್ನ ಬುದ್ಧಿಯ ಮೇಲೆ ಗೌರವ ಬಂದಿತ್ತು. ಆದರೆ ಊರ ನಡುವಿನ ದೊಡ್ಡ ಫ್ಲೈಓವರಿನಲ್ಲಿ ಎಡದ ಸಾಲು ಮೊದಲನೆಯ ಇಳಿಜಾರಿನಲ್ಲೇ ಕೆಳಗಿಳಿದು ನೇರವಾಗಿ ಬಸ್ ಡಿಪೋ ಮುಂದೆ ಹೋಗುತ್ತಿತ್ತು. ಅವನೂ ಇಳಿಯುತ್ತಿದ್ದ. ಯಾವ ಬಡಾವಣೆಯ ಕಿಟಕಿ ಅಳೆಯಬೇಕಿದ್ದರೂ ಮೊದಲು ಡಿಪೋ. ಅಲ್ಲಿನ ಕಾವಲುಗಾರ ಅವನನ್ನು ನೋಡಿ ಮೊದಮೊದಲು ಸೀಟಿ ಊದುತ್ತಿದ್ದವನು, ಆಮೇಲೆ ಕೈಯೆತ್ತಿ ನಮಸ್ಕಾರ ಮಾಡತೊಡಗಿದ.

ಡಿಪೋ ದರ್ಶನ ಮುಗಿಸಿ, ಸಂದಿಗೊಂದಿ ಸುತ್ತಿ, ಗಿರಾಕಿಯ ಮನೆ ತಲುಪುವಷ್ಟರಲ್ಲಿ ಗಿರಾಕಿ ಎಲ್ಲಿಗೋ ಹೊರಟುಹೋಗಿರುತ್ತಿದ್ದರು. ದೂರು ಅಂಗಡಿಗೆ ಬರುತ್ತಿತ್ತು. ಅಂಗಡಿ ನಡೆಸುತ್ತಿದ್ದ ಓನರಮ್ಮ ಹೆಚ್ಚು ಮಾತಿನವರಲ್ಲ, ಕೈಯಲ್ಲಿ ಯಾವಾಗಲೂ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇರುತ್ತಿದ್ದುದರಿಂದ ಮಾತಿನ ಅಗತ್ಯವೂ ಅಷ್ಟಿರಲಿಲ್ಲ. ಒಂದು ಶನಿವಾರ ಅವನನ್ನು ಕರೆದರು.

“ಸೋಮವಾರ ಬೆಳಿಗ್ಗೆ ಹೊಸ ಆಸ್ಪತ್ರೆ ಅಳತೆ. ಮೂರು ಮಹಡಿ, ಕಿಟಕಿಗೊಂದು ಪರದೆ. ಇಂಥ ಆರ್ಡರು ನನ್ನ ಜನ್ಮದಲ್ಲಿ ಬಂದಿಲ್ಲ. ಅಲ್ಲಿನ ಮ್ಯಾನೇಜರಿಗೆ ಹತ್ತು ಗಂಟೆ ಅಂದ್ರೆ ಹತ್ತು ಗಂಟೆ.”

“ಹೋಗ್ತೀನಿ ಮೇಡಂ.”

“ಎಲ್ಲಿಗೆ? ಡಿಪೋಗಾ?” ಕತ್ತರಿ ಒಂದು ಸಲ ಕಚಕ್ ಅಂತು. “ನೋಡು, ನೀನು ತಡ ಮಾಡಿದ್ರೆ ಹೊರಗಿನ ಕೆಲಸ ಬೈಕಿಗೆ. ನೀನು ಕೌಂಟರಿಗೆ ಬಂದು ಮಡಚು.”

ಬೈಕು ಅಂದರೆ ಬೈಕಲ್ಲ, ಬೈಕಿನಲ್ಲಿ ಬರುತ್ತಿದ್ದ ಇನ್ನೊಬ್ಬ ಹುಡುಗ. ಆಗ ಒಳಗಿನ ಕೆಲಸದಲ್ಲಿದ್ದ. ಅಲ್ಲೇ ಮೂಲೆಯಲ್ಲಿ ತಲೆ ತಗ್ಗಿಸಿ ಮಡಚುತ್ತಿದ್ದವನು ಈ ಮಾತು ಕೇಳಿ ಇನ್ನಷ್ಟು ಹುರುಪಿನಿಂದ ಮಡಚಿದ.

ಹೊಸ ಆಸ್ಪತ್ರೆ ಇದ್ದದ್ದು ಫ್ಲೈಓವರಿನ ಎರಡನೆಯ ಇಳಿಜಾರಿನ ಕೆಳಗೆ. ಅಲ್ಲಿಗೆ ಹೋಗಬೇಕಾದರೆ ಡಿಪೋ ಇಳಿಜಾರು ತಪ್ಪಿಸಲು ಬಲದ ಸಾಲಿಗೆ ಹೋಗಬೇಕು, ಅದು ದಾಟಿದಮೇಲೆ ಮತ್ತೆ ಎಡದ ಸಾಲಿಗೆ ಬರಬೇಕು. ಹೋಗುವುದೇನೋ ಸರಿ. ಬರುವುದೇ ಕಷ್ಟ.

ಭಾನುವಾರ ಊಟವಾದಮೇಲೆ ಅವನು ಅಮ್ಮನಿಗೆ ವಿಷಯ ಹೇಳಿದ. ಸ್ಕೂಟರಿನ ಹೆಂಗಸಿನ ವಿಷಯವನ್ನೂ ಹೇಳಿದ. ಹೇಳುವಾಗ ಸ್ಕೂಟರನ್ನು ಸ್ವಲ್ಪ ದೂರ ಇಟ್ಟ. ಅಮ್ಮ ಪೂರ್ತಿ ಕೇಳಿಸಿಕೊಂಡು, “ನಡಿ, ನಾನು ಎಡಗಡೆ ಕೂತು ಬರ್ತೀನಿ. ಎಲ್ಲಿ ಕಾಣಲ್ವೋ ನೋಡೋಣ” ಅಂದಳು.

ದೊಡ್ಡ ರಸ್ತೆಗೆ ಬಂದದ್ದೇ ಅಮ್ಮ ಕಿಟಕಿಯಿಂದ ಕತ್ತು ಹೊರಗೆ ಹಾಕಿ, “ಸೈಕಲ್ ಬರ್ತಿದೆ. ಆಟೋ ಬರ್ತಿದೆ. ಮತ್ತೊಂದು ಸೈಕಲ್. ಇದ್ಯಾವುದೂ ನಿಂಗೆ ಕಾಣ್ತಿಲ್ವಾ?” ಅಂದಳು.

“ಇಲ್ಲ.”

“ಮತ್ತೆ ಕನ್ನಡೀಲಿ ಏನು ಕಾಣುತ್ತೆ?”

“ನಮ್ಮ ಕಾರಿನ ಬಾಗಿಲು. ಚಕ್ರ.”

“ರಸ್ತೆ?”

“ಚಕ್ರದ ಕೆಳಗೆ ಚೂರಿದೆ.”

ಅಮ್ಮ ಕತ್ತು ಒಳಗೆ ತೆಗೆದುಕೊಂಡಳು. ದೂರು ವಿಭಾಗದ ದನಿ ಬಂತು. “ಎಷ್ಟು ದಿನದಿಂದ ಈ ಸಮಸ್ಯೆ?”

“ಮೊದಲಿಂದಲೂ.”

“ದಿನಾ ಬೆಳಿಗ್ಗೆ ನಂಗೆ ಮೂಲೆ ಮನೆಯವಳ ಕಸದ ಬುಟ್ಟಿ ತನಕ ಕಾಣುತ್ತಲ್ಲೋ?”

ಅವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದ.

“ಗಾಡಿ ಓಡಿಸೋದು ಯಾರು?” ಅಂದಳು ಅಮ್ಮ.

“ನಾನು.”

“ಕನ್ನಡಿ ಹೊಂದಿಸ್ತಿದ್ದದ್ದು ಯಾರ ಕಣ್ಣಿಗೆ?”

ಅವನು ಜೇಬಿನಿಂದ ಅಳತೆಯ ಟೇಪು ತೆಗೆದ. ಅಮ್ಮನನ್ನು ಡ್ರೈವರ್ ಸೀಟಿಗೆ ಕರೆದು ಸೀಟಿನಿಂದ ಅವಳ ಕಣ್ಣಿನವರೆಗೆ ಅಳೆದ. ಆಮೇಲೆ ತಾನು ಕೂತು ತನ್ನದನ್ನು ಅಳೆದುಕೊಂಡ. ಒಂದು ಗೇಣು ವ್ಯತ್ಯಾಸ. ಜೊತೆಗೆ ಅಮ್ಮ ಕೂರುವುದು ಸೀಟಿನ ತುದಿಯಲ್ಲಿ, ಅವನು ಒರಗುವುದು ಹಿಂದಕ್ಕೆ. ಅದು ಇನ್ನೊಂದು ಗೇಣು. ಊರಿನವರ ಕಿಟಕಿಗಳಲ್ಲಿ ಕಡ್ಡಿಯಗಲ ತಪ್ಪು ಕಂಡುಹಿಡಿದು ಬಡಗಿಗಳ ಜೊತೆ ಜಗಳವಾಡುತ್ತಿದ್ದವನು ಎರಡು ಗೇಣು ತಪ್ಪನ್ನು ದಿನಾ ಬೆಳಿಗ್ಗೆ ತನ್ನ ಕೈಯಾರೆ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ, ಒತ್ತಿ ಒತ್ತಿ ಕೂರಿಸುತ್ತಿದ್ದ. ಕಣ್ಣು ಮನೆಯಲ್ಲಿಟ್ಟು ಬಂದಿದ್ದೀಯ ಅಂದ ಆ ಹೆಂಗಸು ಬೈದದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

“ಯಾರಿಗೂ ಹೇಳಬೇಡ” ಅಂದ.

“ನಾನ್ಯಾಕೆ ಹೇಳಲಿ? ನನ್ನ ಮಗ ಅಂತ ಜನಕ್ಕೆ ಗೊತ್ತು” ಅಂದಳು ಅಮ್ಮ.

ಬೀದಿಗೆ ವಾಪಸು ಬಂದಮೇಲೆ ಜಾಗ ಅದಲುಬದಲಾಯಿತು. ಅವನು ಒಳಗೆ, ಅಮ್ಮನ ಬೆರಳು ಹೊರಗೆ. ಅಮ್ಮನ ಬೆರಳಿಗೆ ಕನ್ನಡಿ ಕಿತ್ತು ಬರಲಿಲ್ಲ. ಅಮ್ಮ ಹೊರಕ್ಕೆ ಒತ್ತುತ್ತ ಹೋದಳು. ಕಾರಿನ ಬಾಗಿಲು ಕನ್ನಡಿಯಿಂದ ಸ್ವಲ್ಪ ಸ್ವಲ್ಪವೇ ಜಾರತೊಡಗಿತು.

“ಸಾಕು ಸಾಕು, ನಮ್ಮ ಕಾರು ಹೋಗ್ತಿದೆ!”

“ಎಲ್ಲಿಗೆ ಹೋಗುತ್ತೋ? ಅದರಲ್ಲೇ ಕೂತಿದ್ದೀಯಲ್ಲ.”

“ಚೂರು ಕಾಣಲಿ ಅಮ್ಮಾ. ಕಂಡ್ರೆ ಧೈರ್ಯ.”

“ಧೈರ್ಯ ಮನೇಲಿ ಇಟ್ಕೋ. ರಸ್ತೇಲಿ ಕಾಣಬೇಕಾಗಿರೋದು ಬೇರೆಯವರು” ಎಂದು ಅಮ್ಮ ಇನ್ನೂ ಒಂದು ಒತ್ತು ಒತ್ತಿದಳು. ಆಮೇಲೆ ಸರಿಯಾಗಿದೆಯೋ ಇಲ್ಲವೋ ನೋಡಲು ತಾನೇ ಗಾಡಿಯಾದಳು. ಕಾರಿನ ಹಿಂದೆ ದೂರ ಹೋಗಿ ನಿಂತು, ಎಡಪಕ್ಕದಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಮುಂದೆ ಬಂದಳು.

“ಈಗ ಕಾಣ್ತೀನಾ?”

“ಕಾಣ್ತೀಯ.”

“ಈಗ?”

“ಕಾಣ್ತೀಯ.”

“ಈಗ?”

“ಇಲ್ಲ.”

“ಹಾಗಾದ್ರೆ ಈಗ ನಾನು ಸತ್ತೆ” ಎಂದು ಅಮ್ಮ ಕನ್ನಡಿ ಮತ್ತೆ ಒತ್ತಲು ಬಂದಳು.

ಹೀಗೆ ಅಮ್ಮ ನಾಲ್ಕಾರು ಸಲ ಸತ್ತಳು. ಮೂಲೆ ಮನೆಯವಳು ಬಾಗಿಲಿಗೆ ಬಂದು, “ಏನ್ರೀ ಅದು, ಕಾರು ಸುತ್ತ ಹರಕೆನಾ?” ಅಂತ ಕೇಳಿದಳು. ಅಮ್ಮ “ಟ್ರಾಫಿಕ್” ಎಂದಷ್ಟೇ ಹೇಳಿ ಮತ್ತೆ ಹಿಂದೆ ಹೋದಳು. ಕೊನೆಗೆ ಅಮ್ಮ ಕನ್ನಡಿಯಿಂದ ಮಾಯವಾಗುವ ಮುಂಚೆಯೇ ಅವಳ ಭುಜ ಎಡಗಿಟಕಿಯಲ್ಲಿ ಕಾಣುವಂತಾಯಿತು. ಅದಕ್ಕೂ ಒಂದು ಮಖಮಲ್ಲಿನ ಕಟ್ಟು ಅಡ್ಡವಿತ್ತು, ತೆಗೆದು ಕೆಳಗಿಟ್ಟ. “ಆದ್ರೂ ತಿರುಗಿಸೋ ಮುಂಚೆ ಒಂದ್ಸಲ ಕತ್ತು ಹೊರಳಿಸಿ ನೋಡು. ದೇವರು ಕತ್ತಿಗೆ ಕೀಲು ಕೊಟ್ಟಿರೋದು ಮೊಬೈಲ್ ನೋಡೋಕೆ ಮಾತ್ರ ಅಲ್ಲ” ಎಂದಳು ಅಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

ಸೋಮವಾರ ಅವನು ಬೇಗನೆ ಹೊರಟ. ಫ್ಲೈಓವರ್ ಹತ್ತಿದ. ಬಲದ ಸಾಲಿಗೆ ಹೋದ. ಎಡಗನ್ನಡಿಯಲ್ಲಿ ತನ್ನ ಕಾರಿಲ್ಲದೆ, ಪರರ ಗಾಡಿಗಳೇ ತುಂಬಿಕೊಂಡು, ಯಾರದೋ ಮನೆಯ ಮದುವೆಗೆ ಬಂದ ಹಾಗಾಗಿತ್ತು. ಡಿಪೋ ಇಳಿಜಾರು ಬಂತು, ಹೋಯಿತು. ಮೊದಲ ಸಲ ಅವನು ಅದರಾಚೆಗಿನ ಫ್ಲೈಓವರನ್ನು ನೋಡುತ್ತಿದ್ದ. ಚೆನ್ನಾಗಿಯೇ ಇತ್ತು.

ಎರಡನೆಯ ಇಳಿಜಾರಿಗೆ ಇನ್ನೂ ಸಾಕಷ್ಟು ದೂರವಿರುವಾಗಲೇ ಎಡದ ಇಂಡಿಕೇಟರ್ ಹಾಕಿ ಕನ್ನಡಿ ನೋಡಿದ. ಅದರ ಅಂಚಿನಲ್ಲಿ ಒಂದು ಹಳದಿ ಹೆಲ್ಮೆಟ್ಟು. ಅಂಗಡಿಯ ಬಾಗಿಲ ಹಿಂದಿನ ಮೊಳೆಗೆ ದಿನಾ ತೂಗುಹಾಕುತ್ತಿದ್ದ ಹೆಲ್ಮೆಟ್ಟು ಅದು. ಅದರೊಳಗೆ ಬೈಕು. ಓನರಮ್ಮ ಯಾವುದಕ್ಕೂ ಇರಲಿ ಎಂದು ಅವನನ್ನೂ ಕಳಿಸಿದ್ದರು. ಕತ್ತಿಗೂ ಹೆಲ್ಮೆಟ್ಟಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಯಾರಿಗೋ ನಗುನಗುತ್ತ ಏನೋ ಹೇಳುತ್ತ, ಸ್ಕೂಟರಿನ ಹೆಂಗಸು ಇದ್ದ ಜಾಗದಲ್ಲೇ ಬರುತ್ತಿದ್ದ.

ಹೋಗಲಿ ಎಂದು ಇವನು ನಿಧಾನ ಮಾಡಿದ. ಬೈಕು ಇಳಿಜಾರಿನ ಬೋರ್ಡು ಹುಡುಕುತ್ತ ತಾನೂ ನಿಧಾನ ಮಾಡಿದ. ಇವನು ಮುಂದೆ ಹೋಗಲು ನೋಡಿದ. ಬೈಕಿಗೂ ಅದೇ ಹೊತ್ತಿಗೆ ಹುಮ್ಮಸ್ಸು ಬಂತು. ಹಿಂದಿನಿಂದ ನೀರಿನ ಟ್ಯಾಂಕರೊಂದು ಹಾರ್ನ್ ಒತ್ತತೊಡಗಿತು. ಇಳಿಜಾರು ಎದುರಿಗೇ ಬಂತು. ಸ್ಟಿಯರಿಂಗ್ ಮೇಲೆ ಕೈ ಎಡಕ್ಕೆ ತುಡಿಯಿತು. ಮೊದಲಿನ ಕನ್ನಡಿಯಾಗಿದ್ದರೆ ಏನೂ ಕಾಣುತ್ತಿರಲಿಲ್ಲ, ಕಾಣದವನು ಧೈರ್ಯವಾಗಿ ತಿರುಗಿಸಿರುತ್ತಿದ್ದ. ಈಗ ಹೆಲ್ಮೆಟ್ಟಿನ ಮೇಲಿನ ಗೀರುಗಳೂ ಕಾಣುತ್ತಿದ್ದವು. ಕತ್ತು ಹೊರಳಿಸಿ ನೋಡಿದ, ಇನ್ನೂ ಚೆನ್ನಾಗಿ ಕಂಡಿತು. ಕೈ ನೆಟ್ಟಗೆ ಹಿಡಿದ. ಹಳದಿ ಹೆಲ್ಮೆಟ್ಟು ಆರಾಮವಾಗಿ ಇಳಿಜಾರಿನಲ್ಲಿ ಇಳಿದುಹೋಯಿತು. ಇವನ ಕಾರು ನೇರವಾಗಿ ಊರಾಚೆಗೆ ಹೊರಟಿತು. ತಿರುಗಿ ಬರುವ ದಾರಿ ಬಹಳ ದೂರದಲ್ಲಿತ್ತು.

ಆಸ್ಪತ್ರೆ ತಲುಪಿದಾಗ ಮೊದಲ ಮಹಡಿಯ ಅಳತೆ ಮುಗಿದಿತ್ತು. ಓನರಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಕತ್ತರಿ ತಂದಿರಲಿಲ್ಲ, ಆದರೂ ಬೆರಳು ಹಾಗೇ ಆಡುತ್ತಿದ್ದವು.

“ಡಿಪೋ ಹೇಗಿದೆ?”

“ಇಲ್ಲ ಮೇಡಂ, ಇವತ್ತು ಡಿಪೋಗೆ ಹೋಗಲಿಲ್ಲ. ಅದರ ಮುಂದಕ್ಕೆ ಹೋಗಿದ್ದೆ.”

ಇನ್ನೇನು ಹೇಳುವುದು? ‘ನಿಮ್ಮ ಹುಡುಗನ ಮೇಲೆ ಗಾಡಿ ಹತ್ತಿಸಲಿಲ್ಲ, ಅದಕ್ಕೇ ತಡವಾಯ್ತು’ ಅಂತಲೇ? ಮಾಡದೆ ಬಿಟ್ಟ ಕೆಲಸಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಸ್ವತಃ ಸಾಕ್ಷಿಯೇ ಟೇಪು ಹಿಡಿದುಕೊಂಡು ಮೆಟ್ಟಿಲಿಳಿದು ಬಂತು.

“ನೀನೂ ಫ್ಲೈಓವರ್ ಮೇಲೇ ಬಂದ್ಯಾ? ನಾನು ನೋಡಲೇ ಇಲ್ಲ ಮಗಾ.”

“ನಿನ್ನ ಪಕ್ಕದಲ್ಲೇ ಇದ್ದೆ. ಇಂಡಿಕೇಟರ್ ಹಾಕಿದ್ದೆ.”

“ಹೌದಾ? ಕನ್ನಡಿ ಎರಡೂ ಬಿಚ್ಚಿಟ್ಟಿದ್ದೀನಿ. ಗಾಳಿಗೆ ಅಡ್ಡ ಬರುತ್ತೆ.”

ಓನರಮ್ಮ ಅಲ್ಲೇ ನಿಂತು ತೀರ್ಪು ಕೊಟ್ಟರು. ಹೊರಗಿನ ಕೆಲಸ ಇನ್ನು ಮೇಲೆ ಬೈಕಿಗೆ. ಇವನ ಮುಖ ಬಟ್ಟೆ ಮಡಚುವವನ ಮುಖವಾಯಿತು. ಅಷ್ಟರಲ್ಲಿ ಆಸ್ಪತ್ರೆಯ ಮ್ಯಾನೇಜರು, ಸರಳುಗಳ ನಮೂನೆ ಇವತ್ತೇ ನೋಡಬೇಕು ಅಂದರು. ಅಂಗಡಿಯಲ್ಲಿದ್ದ ಆಳುದ್ದದ ಸರಳು ಬೈಕಿನಲ್ಲಿ ಬರುವುದಿಲ್ಲ. ಓನರಮ್ಮ ಒಂದು ಸಲ ಬೈಕನ್ನು ನೋಡಿದರು, ಒಂದು ಸಲ ಕಾರನ್ನು ನೋಡಿದರು. ತೀರ್ಪಿಗೆ ಒಂದು ಬಾಲ ಸೇರಿಸಿದರು: ಅಳತೆ ಅವನದು, ಗಾಡಿ ಇವನದು, ಇಬ್ಬರೂ ಒಟ್ಟಿಗೇ ಹೋಗಿ.

ಇವನಿಗೆ ಇದು ಸೋಲೋ ಗೆಲುವೋ ತಕ್ಷಣಕ್ಕೆ ಗೊತ್ತಾಗಲಿಲ್ಲ. ಮಡಚುವುದು ತಪ್ಪಿತ್ತು. ಟೇಪು ಕೈಬಿಟ್ಟಿತ್ತು. ಇನ್ನು ಗಿರಾಕಿಗಳ ಮನೆಯಲ್ಲಿ ಸೋಫಾದ ಮೇಲೆ ಬಟ್ಟೆ ಹರಡುವವನು ಬೈಕು, ಹೊರಗೆ ಕಾರಿನಲ್ಲಿ ಕಾಯುವವನು ತಾನು. ಅಮ್ಮನಿಗೆ ಹೇಗೆ ಹೇಳಬೇಕೆಂದು ಯೋಚಿಸುತ್ತ ಸ್ಟಿಯರಿಂಗ್ ಹಿಡಿದ. ಬೈಕು ಎಡಗಡೆ ಕೂತ.

ಅಂಗಡಿಯ ಕಡೆ ತಿರುಗಬೇಕಾದ ಜಾಗ ಬಂತು. ಇಂಡಿಕೇಟರ್ ಹಾಕಿ ಎಡಗನ್ನಡಿ ನೋಡಿದ. ಕನ್ನಡಿ ಇರಲಿಲ್ಲ. ಅದರ ಜಾಗದಲ್ಲಿ ಬೈಕಿನ ತಲೆಯಿತ್ತು. ಡ್ಯಾಷ್‌ಬೋರ್ಡಿನ ಮೇಲೆ ಎರಡೂ ಮೊಣಕೈ ಊರಿ, ಮುಂದಕ್ಕೆ ಬಾಗಿ ಫೋನು ನೋಡುತ್ತಿದ್ದ.

“ಸ್ವಲ್ಪ ಹಿಂದಕ್ಕೆ ಒರಗು.”

“ಯಾಕೆ?”

“ಎಡಗಡೆ ಕಾಣಲ್ಲ.”

“ಅಯ್ಯೋ, ನಾನಿಲ್ವಾ, ನೋಡಿ ಹೇಳ್ತೀನಿ ಬಿಡು.” ಬೈಕು ಫೋನಿನಿಂದ ಕಣ್ಣೆತ್ತಿ ಮುಂದಿನ ಗಾಜಿನ ಕಡೆ ನೋಡಿದ. “ಹೋಗು ಹೋಗು. ಯಾರೂ ಇಲ್ಲ.”

ಅವನು ಹೋಗಲಿಲ್ಲ. ಬೈಕಿನ ಎದೆಯ ಮೇಲೆ ಅಂಗೈ ಇಟ್ಟು, ಕಪಾಟಿನ ಬಾಗಿಲು ಮುಚ್ಚುವ ಹಾಗೆ ಅವನನ್ನು ಸೀಟಿಗೆ ಒತ್ತಿ, ಕನ್ನಡಿ ನೋಡಿದ. ಆಮೇಲೆ ಕತ್ತು ಹೊರಳಿಸಿ ನೋಡಿದ. ಆಮೇಲೆ ಕಾದ. ಹಿಂದಿನವರು ಹಾರ್ನ್ ಹೊಡೆದರು, ಹೊಡೆದುಕೊಳ್ಳಲಿ. ಒಂದು ಹಳೆಯ ಸ್ಕೂಟರು, ಹಿಂದೆ ಕೂತವರ ಮಡಿಲಲ್ಲಿ ಒಂದು ದೊಡ್ಡ ಗಡಿಯಾರ, ಕಿಟಕಿಯ ಪಕ್ಕದಲ್ಲೇ ಮೆಲ್ಲಗೆ ದಾಟಿ ಮುಂದೆ ಹೋಯಿತು.

“ಯಾರೂ ಇಲ್ಲ ಅಂದ್ನಲ್ಲ” ಅಂದ ಬೈಕು, ಮತ್ತೆ ಫೋನು ನೋಡುತ್ತ.

“ಇಬ್ಬರಿದ್ದರು” ಎಂದು ಇವನು ಎಡಕ್ಕೆ ತಿರುಗಿಸಿದ.